ತುಪ್ಪ, ಹಿಪ್ಪಲಿ ಮತ್ತು ನಮ್ಮ ಮಾವನ ಕಷಾಯ

ನಮ್ಮ ಮಾವ ರೇಷ್ಮೆಗೆ ಬಣ್ಣ ಹಾಕುವವರು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಗೊಂದೋ ಎರಡೋ ಕುಣಿಮಗ್ಗ ಇದ್ದವು, ಆದರೆ ಬಣ್ಣದ ಒಲೆ ಇದ್ದದ್ದು ನಮ್ಮ ಹಿತ್ತಿಲಲ್ಲಿ ಮಾತ್ರ. ಮಾವನ ಎರಡು ಕೈಗಳೂ ಮೊಣಕೈವರೆಗೆ ಯಾವಾಗಲೂ ಯಾವುದಾದರೊಂದು ಬಣ್ಣದಲ್ಲಿ ಇರುತ್ತಿದ್ದವು. ನಾನು ಸೊಸೆಯಾಗಿ ಆ ಮನೆ ಹೊಸ್ತಿಲು ದಾಟಿದ ದಿನ ನನ್ನ ತಲೆಗೆ ಅಕ್ಷತೆ ಹಾಕಿದ ಕೈ ಕಡು ನೇರಳೆಯಾಗಿತ್ತು. ಈ ಮನುಷ್ಯರಿಗೆ ಏನೋ ಕಾಯಿಲೆ ಇರಬೇಕು ಎಂದುಕೊಂಡು ಹೆದರಿಬಿಟ್ಟಿದ್ದೆ.

ನನಗಾಗ ಹದಿನಾರು. ನನ್ನ ತವರು ಅನುಗೊಂಡನಹಳ್ಳಿ ಹತ್ತಿರದ ಒಂದು ಹಳ್ಳಿ. ನಮ್ಮಪ್ಪ ನೇಯುತ್ತಿದ್ದದ್ದು ದಪ್ಪ ಹತ್ತಿ ಬಟ್ಟೆ. ರೇಷ್ಮೆಯ ನಾಜೂಕು ನನಗೆ ಗೊತ್ತಿರಲಿಲ್ಲ, ನಾಲಿಗೆಯ ನಾಜೂಕಂತೂ ಮೊದಲೇ ಇರಲಿಲ್ಲ. ಹುಡುಗಿಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನನ್ನ ತಾಯಿಯೇ ಬೀಗರಿಗೆ ಮದುವೆಗೆ ಮುಂಚೆ ಹೇಳಿಬಿಟ್ಟಿದ್ದಳು, ಆಮೇಲೆ ತಕರಾರು ಬರಬಾರದು ಎಂದು. ಅದಕ್ಕೆ ನಮ್ಮತ್ತೆ, ಇರಲಿ ಬಿಡಿ, ನಮ್ಮನೆಯಲ್ಲಿ ಯಾರಿಗೂ ಕೋಪವೇ ಬರೋಲ್ಲ, ಒಬ್ಬರಾದರೂ ಬೇಕಲ್ಲ ಎಂದಿದ್ದರಂತೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ನನ್ನ ಕಾಲ ಮೊದಲ ದಿನದಿಂದಲೇ ಶುರುವಾಗಿತ್ತು.

ಅತ್ತೆಯ ಕೆಲಸ ಹಾಸು ಕೆಚ್ಚುವುದು. ಮಗ್ಗದ ಮೇಲಿನ ಹಾಸು ಮುಗಿಯುತ್ತಾ ಬಂದಾಗ ಹಳೆಯ ಎಳೆಗಳ ತುದಿಯನ್ನು ಹಾಗೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಸೇರಿಸಿ ಹೊಸೆಯಬೇಕು. ಒಂದು ಸೀರೆಯ ಅಗಲಕ್ಕೆ ಎರಡು ಸಾವಿರಕ್ಕೂ ಮೇಲೆ ಎಳೆ. ಗಂಟು ಹಾಕುವ ಹಾಗಿಲ್ಲ. ಬೆರಳ ತುದಿಗೆ ಬೂದಿ ಸವರಿಕೊಂಡು, ಎರಡು ಎಳೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಸಲ ಉಜ್ಜಿದರೆ ಅವು ಹುಟ್ಟಿದಾಗಿನಿಂದ ಒಂದೇ ಎಳೆ ಎನ್ನುವಂತೆ ಕೂಡಿಕೊಳ್ಳಬೇಕು. ಅತ್ತೆ ಕೆಚ್ಚಿದ ಹಾಸಿನ ಮೇಲೆ ಕೈಯಾಡಿಸಿದರೆ ಎಲ್ಲಿ ಹಳೆಯದು ಮುಗಿಯಿತು, ಎಲ್ಲಿ ಹೊಸದು ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದರು. ಅವರೂ ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದರು.

ಯುದ್ಧದ ಕಾಲ ಅದು. ಪರದೇಶದಿಂದ ಬರುತ್ತಿದ್ದ ಬಣ್ಣದ ಡಬ್ಬಿಗಳು ನಿಂತುಹೋಗಿ ಮಾವ ತೊಗಟೆ, ಸಿಪ್ಪೆ, ಬೇರುಗಳನ್ನೆಲ್ಲ ಕುದಿಸಿ ನೋಡುತ್ತಿದ್ದರು. ನಾನು ಬಂದ ಎರಡನೆಯ ವರ್ಷ ಚಳಿಗಾಲದಲ್ಲಿ ಊರಿಗೆ ಮೈಕೈ ಮುರಿಯುವ ಒಂದು ಜ್ವರ ಬಂತು. ಎಲ್ಲರಿಗೂ ಬಂದು ಎಲ್ಲರನ್ನೂ ಬಿಟ್ಟುಹೋಯಿತು. ಅತ್ತೆಯನ್ನು ಬಿಟ್ಟಿತು, ಅವರ ಬೆರಳುಗಳನ್ನು ಬಿಡಲಿಲ್ಲ. ಗೆಣ್ಣುಗಳು ಊದಿಕೊಂಡವು. ಮುಷ್ಟಿ ಕಟ್ಟಲು ಆಗದು. ಮುದ್ದೆ ಮುರಿಯಲು ಆಗದೆ ನನ್ನಿಂದ ಸಣ್ಣ ಸಣ್ಣ ಉಂಡೆ ಮಾಡಿಸಿಕೊಂಡು, ಅದನ್ನು ಅಂಗೈಯಲ್ಲಿ ಒತ್ತಿಕೊಂಡು ತಿನ್ನುತ್ತಿದ್ದರು. ಯಾರಾದರೂ ಹಾಸು ಕೆಚ್ಚಲು ಕರೆಯಲು ಬಂದರೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಇವತ್ತು ಪುರುಸೊತ್ತಿಲ್ಲ ಎನ್ನುತ್ತಿದ್ದರು. ಪುರುಸೊತ್ತು ಬೇಕಾದಷ್ಟಿತ್ತು. ಇಡೀ ದಿನ ಮಗ್ಗದ ಕೋಣೆಯ ಬಾಗಿಲಲ್ಲಿ ಕೂತು, ಒಳಗೆ ನನ್ನ ಗಂಡ ಲಾಳಿ ಎಸೆಯುವ ಸದ್ದು ಕೇಳುತ್ತಿದ್ದರು. ಅವರ ಬೆರಳು ಮತ್ತೆ ಮಡಚುತ್ತವೋ ಇಲ್ಲವೋ ಎನ್ನುವುದೇ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಯಾಗಿತ್ತು.

ದೇವನಹಳ್ಳಿ ಕಡೆ ಒಂದು ಹಳ್ಳಿಯಲ್ಲಿ ಒಳ್ಳೆಯ ಪಂಡಿತರಿದ್ದಾರೆಂದು ಯಾರೋ ಹೇಳಿದರು. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸಿನಲ್ಲಿ ಮಾವ, ಅತ್ತೆ, ನಾನು ಮೂವರೂ ಹೋದೆವು. ಅತ್ತೆಗೆ ಕಂಬಿ ಹಿಡಿದುಕೊಳ್ಳಲು ಆಗದೆಂದು ಅವರನ್ನು ಹಿಡಿದುಕೊಳ್ಳಲು ನಾನು. ಪಂಡಿತರು ವಯಸ್ಸಾದವರು, ನಿಧಾನಸ್ಥರು. ಅತ್ತೆಯ ಒಂದೊಂದು ಬೆರಳನ್ನೂ ಮಡಚಿ ನೋಡಿ, ಅರಿಶಿನ, ಶುಂಠಿ, ಅಶ್ವಗಂಧದ ಬೇರು, ಇನ್ನೂ ಏನೇನೋ ಸೇರಿಸಿದ ಒಂದು ಚೂರ್ಣ ಕೊಟ್ಟರು. ಚೂರ್ಣ ಕೊಟ್ಟದ್ದು ಎರಡು ನಿಮಿಷದ ಕೆಲಸ. ಅದನ್ನು ಯಾವುದರ ಜೊತೆ ಕೊಡಬೇಕು ಎಂದು ಹೇಳಲು ಅರ್ಧ ಗಂಟೆ ತೆಗೆದುಕೊಂಡರು. ಅದಕ್ಕೆ ಅನುಪಾನ ಎನ್ನುತ್ತಾರೆ ಎಂದು ನಾನು ತಿಳಿದದ್ದು ಆವತ್ತೇ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಒಂದು ಚಮಚ ಬೆಚ್ಚಗಿನ ಹಸುವಿನ ತುಪ್ಪ, ಅದಕ್ಕೆ ಒಂದು ಚಿಟಿಕೆ ಹಿಪ್ಪಲಿ ಪುಡಿ, ಅದರಲ್ಲಿ ಚೂರ್ಣ ಕಲಸಿ ನೆಕ್ಕಿಸಬೇಕು. ಮೇಲೆ ಬಿಸಿ ಹಾಲು. ನೀರಲ್ಲಿ ಕದಡಿ ಕುಡಿಸಿದರೆ ಹೇಗೆ ಹೋಯಿತೋ ಹಾಗೇ ಆಚೆ ಬರುತ್ತದೆ, ತುಪ್ಪ ಅದನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತದೆ, ಹಿಪ್ಪಲಿ ಬಾಗಿಲು ತೆಗೆಯುತ್ತದೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಅನುಪಾನ ತಪ್ಪಿದ್ರೆ ಔಷಧಿ ಹೊಟ್ಟೆಗೆ ಹೋಗುತ್ತೆ, ಮೈಗೆ ಹಿಡಿಯಲ್ಲ ಕಣಮ್ಮ. ನಿನ್ನ ಕೈಲಿದೆ ಅದು."

ನಾನು ಸೆರಗು ಬಿಗಿದುಕೊಂಡು ತಲೆಯಾಡಿಸಿದೆ, ರಾಜ್ಯಭಾರ ವಹಿಸಿಕೊಂಡವರ ಹಾಗೆ. ಮಾವ ಮಾತ್ರ ಬಸ್ಸಿನಲ್ಲಿ ಇಡೀ ದಾರಿ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಊರು ಹತ್ತಿರ ಬಂದಾಗ, ಹಿಡೀಬೇಕು ಅಂದ್ರು ನೋಡು ಎಂದು ಒಂದೇ ಮಾತು ಹೇಳಿದರು. ನಾನದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಮರುದಿನದಿಂದ ನನ್ನ ವ್ರತ ಶುರುವಾಯಿತು. ಬಣ್ಣದ ಕೆಲಸಕ್ಕೆ ನೀರು ಬೇಕು, ಅದೂ ಸಿಹಿನೀರು. ಬೆಳಕು ಹರಿಯುವ ಹೊತ್ತಿಗೆ ದೂರದ ಬಾವಿಗೆ ಹೋಗಿ ನಾಲ್ಕಾರು ಸುತ್ತು ನೀರು ತರುತ್ತಿದ್ದೆ. ಬಿಸಿಲು ಬೀಳುವಾಗ ಬಂದು ಅಡುಗೆ ಒಲೆ ಹಚ್ಚಿ, ತುಪ್ಪ ಬೆಚ್ಚಗೆ ಮಾಡಿ, ಹಿಪ್ಪಲಿ ಬೆರೆಸಿ, ಚೂರ್ಣ ಕಲಸಿ, ವೀಳ್ಯದೆಲೆಯ ಮೇಲೆ ಇಟ್ಟು ಅತ್ತೆಗೆ ಕೊಡುತ್ತಿದ್ದೆ. ಅವರು ನೆಕ್ಕಿ, ಹಾಲು ಕುಡಿದು, ಸ್ವಲ್ಪ ಹೊತ್ತಿಗೆ ಹಿತ್ತಿಲ ಕಡೆ ಹೋಗುತ್ತಿದ್ದರು. ಮತ್ತೆ ಬಂದು ಮತ್ತೆ ಹೋಗುತ್ತಿದ್ದರು. ಅಲ್ಲಿ ಮಾವ ಬಣ್ಣದ ಒಲೆ ಮುಂದೆ ಇರುತ್ತಿದ್ದರಲ್ಲ, ಮುದುಕ ಮುದುಕಿ ಏನೋ ಮಾತಾಡಿಕೊಳ್ಳುತ್ತಾರೆ ಎಂದುಕೊಂಡೆ. ಮುದುಕಿ ಎಂದೆ, ಈಗ ಲೆಕ್ಕ ಹಾಕಿದರೆ ಅತ್ತೆಗೆ ಆಗ ನಲವತ್ತೈದೂ ತುಂಬಿರಲಾರದು.

ಒಂದು ತಿಂಗಳು ಕಳೆಯಿತು. ಬೆರಳು ಇದ್ದ ಹಾಗೇ ಇತ್ತು. ಅದರ ಮೇಲೆ ಅತ್ತೆ ದಿನದಿನಕ್ಕೆ ಸೊರಗಿದರು. ಕಣ್ಣು ಗುಳಿಬಿತ್ತು, ರವಿಕೆ ಸಡಿಲವಾಯಿತು, ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಬೀದಿ ಸುಮ್ಮನಿರುತ್ತದೆಯೇ? ಸೊಸೆ ಹಸುವಿನ ತುಪ್ಪ ಅಂತ ಹೇಳಿ ಎಂಥದೋ ಕೊಡುತ್ತಿದ್ದಾಳೆ, ಅನುಪಾನ ಕೆಟ್ಟಿದೆ ಎಂದು ಎದುರುಮನೆಯಾಕೆ ಎರಡು ಮನೆಯಲ್ಲಿ ಹೇಳಿದಳು. ಉಳಿದ ಮನೆಗಳಿಗೆ ಅದು ತಾನಾಗಿಯೇ ತಲುಪಿತು. ನನಗೆ ಮೈ ಉರಿದುಹೋಯಿತು. ಗೊತ್ತಿದ್ದ ಒಂದು ಮನೆಯಿಂದ ಬೆಣ್ಣೆ ತಂದು, ಒಲೆಯನ್ನು ಬೀದಿಬಾಗಿಲಿಗೇ ಎಳೆದುಕೊಂಡು, ಎಲ್ಲರೂ ನೋಡಲಿ ಎಂದು ಅಲ್ಲೇ ಕಾಯಿಸಿದೆ. ತುಪ್ಪ ಬಂಗಾರದ ಬಣ್ಣಕ್ಕೆ ತಿರುಗಿ ಘಮ್ಮೆಂದಿತು. ಎದುರುಮನೆಯಾಕೆಯೂ ಬಂದು ಮೂಸಿ, ಚೆನ್ನಾಗಿದೆ ಎಂದು ಹೇಳಿ ತಳದ ಗಸಿಯನ್ನು ತನ್ನ ಮಗುವಿಗೆಂದು ತೆಗೆದುಕೊಂಡು ಹೋದಳು. ಆದರೂ ಬೆರಳು ಮಡಚಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗಿತ್ತು ನನ್ನ ಪಾಡು. ಒಳಗೊಳಗೇ ನನಗೂ ಅನುಮಾನ, ನನ್ನ ಕೈಗುಣವೇ ಸರಿಯಿಲ್ಲವೇನೋ ಎಂದು. ಒಂದು ದಿನ ಹಾಲು ಕಾಯಿಸುತ್ತಾ ಕೂತು ಅತ್ತುಬಿಟ್ಟೆ.

ಆ ತಿಂಗಳೆಲ್ಲ ಬಣ್ಣದ ಒಲೆಯ ಪಕ್ಕದಲ್ಲಿ ಒಂದು ಸಣ್ಣ ಮಣ್ಣಿನ ಕುಡಿಕೆ ಇರುತ್ತಿತ್ತು, ಒಳಗೆ ಕಂದುಬಣ್ಣದ ನೀರು. ಯಾವುದೋ ಹೊಸ ತೊಗಟೆ ಕುದಿಸುತ್ತಿದ್ದಾರೆ ಎಂದುಕೊಂಡು ಒಮ್ಮೆ ಕೇಳಿದ್ದೆ. ಅದಿನ್ನೂ ಹದಕ್ಕೆ ಬಂದಿಲ್ಲ ಎಂದು ಮಾವ ಮುಖ ತಿರುಗಿಸಿದ್ದರು.

ಒಂದು ಬೆಳಿಗ್ಗೆ ಬಾವಿಯಲ್ಲಿ ಹಗ್ಗ ಹರಿಯಿತು. ಬೇರೆ ಹಗ್ಗ ತರಲು ಹಿತ್ತಿಲ ಬಾಗಿಲಿನಿಂದಲೇ ಒಳಗೆ ಬಂದೆ. ಬಣ್ಣದ ಒಲೆಯ ಮುಂದೆ ಅತ್ತೆ ಕೂತಿದ್ದಾರೆ, ಕಣ್ಣು ಬಿಗಿಯಾಗಿ ಮುಚ್ಚಿದ್ದಾರೆ. ಮಾವ ಆ ಕುಡಿಕೆಯ ನೀರನ್ನು ರೇಷ್ಮೆಯ ಚೂರಿನಲ್ಲಿ ಸೋಸಿ ಲೋಟಕ್ಕೆ ಬಗ್ಗಿಸಿ ಅವರ ಬಾಯಿಗೆ ಹಿಡಿದಿದ್ದಾರೆ. ಇನ್ನೊಂದು ಕೈಯಿಂದ, ಆವತ್ತು ಅದು ಹಸಿರಾಗಿತ್ತು, ಅವರ ಬೆನ್ನು ಸವರುತ್ತಿದ್ದಾರೆ. ಹತ್ತಿರ ಹೋದೆ. ವಾಸನೆ ಗೊತ್ತಾಯಿತು. ಸೋನಾಮುಖಿ ಸೊಪ್ಪಿನ ಕಷಾಯ, ಮೇಲೆ ಹರಳೆಣ್ಣೆ ತೇಲುತ್ತಿತ್ತು. ಮಕ್ಕಳಿಗೆ ಹೊಟ್ಟೆ ತೊಳೆಯಲು ವರ್ಷಕ್ಕೊಂದೆರಡು ಸಲ ಕೊಡುವಂಥದ್ದು.

ಏನಿದು ಎಂದೆ. ಮಾವ ಕದ್ದು ಸಿಕ್ಕಿಬಿದ್ದವರ ಹಾಗೆ ಆಗಲಿಲ್ಲ. ಬದಲಿಗೆ ಅವರ ಮುಖದಲ್ಲಿ ಹೆಮ್ಮೆ ಇತ್ತು, ಕೊನೆಗೂ ಹೇಳಲು ಒಬ್ಬರು ಸಿಕ್ಕಿದರಲ್ಲ ಎಂದು. ಹಸಿ ರೇಷ್ಮೆಯ ಮೇಲೆ ಹುಳ ಬಿಟ್ಟ ಅಂಟಿರುತ್ತದೆ. ಸೋಡಾ, ಸಾಬೂನು ಹಾಕಿದ ನೀರಲ್ಲಿ ನೂಲಿನ ಲಡಿಯನ್ನು ಕುದಿಸಿ ಆ ಅಂಟು ಬಿಡಿಸಿದ ಮೇಲೆಯೇ ಬಣ್ಣ ಹಾಕುವುದು. ಅದು ಅವರ ಜೀವನದ ಮೊದಲ ಪಾಠ, ಬಹುಶಃ ಕೊನೆಯದೂ ಹೌದು.

"ಅಂಟು ಬಿಡಿಸ್ದೆ ಬಣ್ಣ ಹಾಕಿದ್ರೆ ಮೇಲ್ಮೇಲೆ ಕೂರುತ್ತೆ, ಎರಡು ಒಗೆತಕ್ಕೆ ಹೋಗ್ಬಿಡುತ್ತೆ. ಮೈಯೂ ಹಂಗೇ ಅಲ್ವೇನಮ್ಮ? ಔಷಧಿ ಹಿಡೀಬೇಕು ಅಂದ್ರಲ್ಲ ಪಂಡಿತ್ರು. ಅದಕ್ಕೇ ದಿನಾ ಮೊದ್ಲು ನಾನು ಅಂಟು ಬಿಡಿಸ್ತೀನಿ, ಆಮೇಲೆ ನೀನು ಬಣ್ಣ ಹಾಕ್ತೀಯ."

ದಿನಾ! ಬೀದಿಬಾಗಿಲಲ್ಲಿ ತುಪ್ಪ ಕಾಯಿಸಿದ್ದು, ಎದುರುಮನೆಯಾಕೆ ಮೂಸಿದ್ದು, ಒಲೆ ಮುಂದೆ ಅತ್ತದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಮಾವ ಎನ್ನುವುದನ್ನೂ ಮರೆತೆ. ನಾನು ಒಳಗೆ ಹಾಕಿದ್ದನ್ನು ನೀವು ತಿಂಗಳಿಂದ ಹಿತ್ತಿಲಿಗೆ ಹಾಕಿಸುತ್ತಿದ್ದೀರಿ, ಹೊಟ್ಟೆಯಲ್ಲಿ ಅರ್ಧ ಗಂಟೆ ನಿಲ್ಲದ್ದು ಬೆರಳಿಗೆ ಹೇಗೆ ಹೋದೀತು ಎಂದು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಆ ಮಾತಿಗೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಮಾವ ರೇಗಲಿಲ್ಲ. ಪಂಡಿತರನ್ನೇ ಕೇಳೋಣ ನಡಿ, ಅವರು ತಪ್ಪು ಅಂದರೆ ನೋಡೋಣ ಎಂದರು. ಅವರಿಗೆ ಅಷ್ಟು ಧೈರ್ಯವಿತ್ತು ತಮ್ಮ ಅಂಟಿನ ಶಾಸ್ತ್ರದ ಮೇಲೆ.

ಅದೇ ವಾರ ಮತ್ತೆ ಇದ್ದಿಲ ಬಸ್ಸು. ಪಂಡಿತರು ಮಾವನ ಮಾತನ್ನೆಲ್ಲ ಅಡ್ಡಬಾಯಿ ಹಾಕದೆ ಕೇಳಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವರು ಬೈಯಲಿಲ್ಲ. ರೇಷ್ಮೆಯ ವಿಷಯವನ್ನೇ ಕೇಳಿದರು.

"ಒಂದು ಲಡೀನ ಎಷ್ಟು ಸಲ ಬೇಯಿಸ್ತೀರಿ?"

ಒಂದೇ ಸಲ, ಜಾಸ್ತಿ ಬೇಯಿಸಿದರೆ ನೂಲು ಸತ್ತುಹೋಗುತ್ತದೆ, ಮುಟ್ಟಿದರೆ ಹರಿಯುತ್ತದೆ ಎಂದರು ಮಾವ.

"ಇವರನ್ನ ಎಷ್ಟು ಸಲ ಬೇಯಿಸಿದ್ರಿ?"

ಮಾವ ಅತ್ತೆಯ ಕಡೆ ನೋಡಿದರು. ಮೊದಲ ಸಲ ನೋಡಿದವರ ಹಾಗೆ ನೋಡಿದರು, ಗುಳಿಬಿದ್ದ ಕಣ್ಣನ್ನು, ಜೋತುಬಿದ್ದ ರವಿಕೆ ತೋಳನ್ನು. ಹಸಿರು ಕೈಗಳನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡರು. ಪಂಡಿತರು ಹದಿನೈದು ದಿನ ಬರೀ ಗಂಜಿ, ಮಜ್ಜಿಗೆ ಕೊಟ್ಟು ಹೊಟ್ಟೆ ನಿಲ್ಲಿಸಿ, ಆಮೇಲೆ ಚೂರ್ಣವನ್ನು ಮೊದಲಿನಿಂದ ಶುರುಮಾಡಿ ಎಂದರು. ಅನುಪಾನ ಅದೇ, ತುಪ್ಪ ಮತ್ತು ಹಿಪ್ಪಲಿ.

ಬರುವಾಗ ಬಸ್ಸು ಏರಿನಲ್ಲಿ ನಿಂತಿತು. ಇದ್ದಿಲಿಗೆ ಗಾಳಿ ಹಾಕುವ ಚಕ್ರ ತಿರುಗಿಸಲು ಗಂಡಸರೆಲ್ಲ ಇಳಿದರು, ಮಾವನೂ ಇಳಿದರು. ನಾನು ಅತ್ತೆಯನ್ನು ಕೇಳಿದೆ, ನಿಮಗೆ ಗೊತ್ತಾಗಲಿಲ್ಲವೇ, ಮೈ ಇಳಿದುಹೋಗುತ್ತಿದೆ ಎಂದು, ಒಂದು ಮಾತು ಹೇಳಬಾರದಿತ್ತೇ ಎಂದು. ಅವರು ಕಿಟಕಿಯಿಂದ ಮಾವನನ್ನೇ ನೋಡುತ್ತಿದ್ದರು.

"ಎರಡನೇ ವಾರಕ್ಕೇ ಗೊತ್ತಾಯ್ತು ಕಣೇ. ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು. ನನಗೆ ಅಂತ ಅವರು ಒಲೆ ಮುಂದೆ ಕೂತಿದ್ದು ಇದೇ ಮೊದಲು. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

ನಾನು ಅವರ ಬಗ್ಗದ ಬೆರಳುಗಳನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡೆ.

ಮನೆಗೆ ಬಂದ ಮೇಲೆ ಮಾವ ಆ ಕುಡಿಕೆಯನ್ನು ತಾವೇ ಒಡೆದುಹಾಕಿದರು. ಆಮೇಲೆ ಅತ್ತೆಯ ಹತ್ತಿರ ಸುಳಿಯಲೇ ಇಲ್ಲ. ಊಟಕ್ಕೆ ಬಂದು ತಲೆ ಬಗ್ಗಿಸಿ ಉಂಡು ಹೋಗುತ್ತಿದ್ದರು. ಗಂಜಿ ಮಜ್ಜಿಗೆಯಲ್ಲಿ ಅತ್ತೆ ಚೇತರಿಸಿಕೊಂಡರು, ನಾನು ಚೂರ್ಣ ಶುರುಮಾಡಿದೆ. ಈ ಸಲ ಔಷಧಿ ಒಳಗೆ ನಿಂತಿತು. ಮೂರು ವಾರಕ್ಕೆ ಗೆಣ್ಣಿನ ಊತ ಇಳಿಯಿತು, ತೋರುಬೆರಳು ಒಂದಿಷ್ಟು ಬಾಗಿತು. ನಾನು ಕುಣಿದಾಡುವುದೊಂದು ಬಾಕಿ.

ಆದರೆ ಅತ್ತೆಗೆ ಇದ್ದಕ್ಕಿದ್ದ ಹಾಗೆ ನನ್ನ ಕೈಯ ಔಷಧಿ ಹಿಡಿಸದಾಯಿತು. ತುಪ್ಪ ಬಿಸಿ ಜಾಸ್ತಿ. ಮಾರನೆಯ ದಿನ ತಣ್ಣಗೆ. ಅದರ ಮಾರನೆಯ ದಿನ ಹಿಪ್ಪಲಿ ಗಂಟಲು ಸುಡುತ್ತದೆ. ಎಂದೂ ಒಂದು ಮಾತೂ ಅನ್ನದವರು ದಿನಕ್ಕೊಂದು ಕೊಂಕು ತೆಗೆದರು. ಒಂದು ವಾರ ತಡೆದುಕೊಂಡೆ. ಎಂಟನೆಯ ದಿನ, ಹದ ಅನ್ನೋದು ನಿನಗೆ ಬರಲ್ಲ, ಹದ ಗೊತ್ತಿರೋರು ಮಾಡಬೇಕು ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಚಮಚವನ್ನು ಅಲ್ಲೇ ಕುಕ್ಕಿ ಎದ್ದುನಿಂತೆ. ಆಗ ಕಂಡಿತು, ಅತ್ತೆ ನನ್ನನ್ನು ನೋಡುತ್ತಿರಲಿಲ್ಲ, ಹಿತ್ತಿಲ ಬಾಗಿಲನ್ನು ನೋಡುತ್ತಿದ್ದರು. ಬೇಕಾದ ಹೊತ್ತಿಗೆ ನನಗೂ ಬುದ್ಧಿ ಬರುತ್ತದೆ. ಸಿಟ್ಟನ್ನು ಇಳಿಯಗೊಡದೆ ಹಾಗೇ ಹೊತ್ತುಕೊಂಡು ಮಾವನ ಮುಂದೆ ಹೋಗಿ ನಿಂತೆ. ತುಪ್ಪದ ಹದ ನನಗೆ ಬರುವುದಿಲ್ಲವಂತೆ, ನಿಮ್ಮ ಹೆಂಡತಿಯ ಔಷಧಿ ನೀವೇ ನೋಡಿಕೊಳ್ಳಿ, ನನ್ನ ಕೈಲಾಗದು ಎಂದೆ. ಮಾವ ಬಣ್ಣದ ಕೋಲನ್ನು ತಿರುಗಿಸುತ್ತಲೇ, ನಾನು ಮಾಡಿದ್ದು ಕೆಡುತ್ತದೆ ಎಂದರು. ತುಪ್ಪ, ಹಿಪ್ಪಲಿ, ಚೂರ್ಣ, ಇಷ್ಟೇ, ಇನ್ನೊಂದು ಸೊಪ್ಪು ಬಿದ್ದರೆ ನಾನಿದ್ದೇನೆ ಎಂದೆ.

ಮರುದಿನ ಅವರು ಅಡುಗೆಮನೆಗೆ ಬಂದರು. ಹೊಸ್ತಿಲಲ್ಲಿ ನಿಂತು ಕೈಯನ್ನು ಮಣ್ಣು ಹಾಕಿ ಉಜ್ಜಿದರು, ಬಣ್ಣ ಹೋಗಲಿಲ್ಲ, ಹಾಗೇ ಬಂದರು. ಲಡಿಯ ಬಿಸಿನೀರನ್ನು ಬೆರಳಲ್ಲಿ ಅಳೆಯುವವರು ತುಪ್ಪದಲ್ಲೂ ಬೆರಳದ್ದಿ ನೋಡಿದರು. ಹಿಪ್ಪಲಿಯನ್ನು ಬಣ್ಣದ ಪುಡಿಯ ಹಾಗೆ ಎರಡು ಸಲ ತೂಗಿ ಹಾಕಿದರು. ಅತ್ತೆ ಒಂದೂ ಕೊಂಕಿಲ್ಲದೆ ನೆಕ್ಕಿದರು. ಹದ ಸರಿಯಾಗಿದೆ ಎಂದರು.

ಅತ್ತೆಯ ಬೆರಳು ಕೈಕೊಟ್ಟಾಗಿನಿಂದ ನಮ್ಮ ಮಗ್ಗದ ಹಾಸು ಕೆಚ್ಚುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹತ್ತಿಗೆ ಪಳಗಿದ ಕೈಗೆ ರೇಷ್ಮೆ ಬಗ್ಗುತ್ತದೆಯೇ? ನಾನು ಕೆಚ್ಚಿದ ಕಡೆಯೆಲ್ಲ ಗಂಟುಗಂಟು, ನನ್ನ ಗಂಡ ಲಾಳಿ ಎಸೆಯುವುದಕ್ಕಿಂತ ಹರಿದ ಎಳೆ ಹುಡುಕುವುದೇ ಹೆಚ್ಚಾಗಿತ್ತು. ಮಾವ ನನ್ನ ಕೆಚ್ಚಿನ ಮೇಲೆ ಕೈಯಾಡಿಸಿ, ಇದೇನಮ್ಮ ಹುರುಳಿ ಬಿತ್ತಿದೀಯ ಎನ್ನುತ್ತಿದ್ದರು.

ಮಾವ ಔಷಧಿ ವಹಿಸಿಕೊಂಡು ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಮಾವನೂ ನನ್ನ ಗಂಡನೂ ಸಂತೆಗೆ ಹೋಗಿದ್ದರು. ನಾನು ನೀರು ಇಳಿಸಿ ಮಗ್ಗದ ಕೋಣೆಗೆ ಬಂದೆ. ಅತ್ತೆ ಹಾಸಿನ ಮುಂದೆ ಕೂತಿದ್ದರು. ಪಕ್ಕದಲ್ಲಿ ಬೂದಿಯ ಚಿಪ್ಪು. ಬೆರಳುಗಳು ಮೊದಲಿನಷ್ಟು ಚುರುಕಾಗಿರಲಿಲ್ಲ, ಆದರೆ ಒಂದೊಂದು ಎಳೆಯನ್ನೂ ಹಿಡಿದು, ಹೊಸೆದು, ಬಿಡುತ್ತಿದ್ದವು. ಅರ್ಧಕ್ಕೂ ಮೇಲೆ ಮುಗಿದಿತ್ತು. ಮಾವ ಬಂದ ಕೂಡಲೇ ಹೇಳುತ್ತೇನೆ ಎಂದು ಬಾಯಿ ತೆರೆದೆ.

"ಅವರಿಗೆ ಹೇಳ್ಬೇಡ್ವೇ," ಎಂದರು ಅತ್ತೆ, ಎಳೆಯಿಂದ ಕಣ್ಣು ತೆಗೆಯದೆ. "ಕೆಚ್ಚಿದ್ದು ನೀನೇ ಅನ್ನು."

ಸಂಜೆ ಮಾವ ಬಂದು ಹಾಸು ನೋಡಿದರು. ಯಾರು ಕೆಚ್ಚಿದ್ದು ಎಂದು ಕೇಳಿದರು. ನಾನೇ ಎಂದೆ. ಅವರು ಬಗ್ಗಿ, ಕೆಚ್ಚಿದ ಜಾಗದ ಮೇಲೆ ಈ ತುದಿಯಿಂದ ಆ ತುದಿವರೆಗೆ ನಿಧಾನವಾಗಿ ಅಂಗೈ ಆಡಿಸಿದರು. ಎಲ್ಲೂ ಒಂದು ಗಂಟು ಸಿಗಲಿಲ್ಲ. ಬಾಗಿಲಲ್ಲಿ ಅತ್ತೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದರು. ಮಾವ ಆ ಕಡೆ ನೋಡಲಿಲ್ಲ.

"ಚೆನ್ನಾಗಿ ಕೆಚ್ಚಿದೀಯ ಕಣಮ್ಮ," ಎಂದರು ನನಗೆ. ಆಮೇಲೆ, ಚೂರ್ಣ ಇನ್ನೆಷ್ಟು ದಿನಕ್ಕೆ ಬರುತ್ತದೆ ಎಂದು ಕೇಳಿದರು. ನಾಲ್ಕು ದಿನಕ್ಕೆ ಎಂದೆ. ಮರುದಿನ ಬೆಳಿಗ್ಗೆ ಹೆಂಡತಿಗೆ ತುಪ್ಪ ಬೆಚ್ಚಗೆ ಮಾಡಿ ಕೊಟ್ಟು, ಇನ್ನೂ ಮೂರು ತಿಂಗಳ ಚೂರ್ಣ ತರಲು ಒಬ್ಬರೇ ದೇವನಹಳ್ಳಿ ಬಸ್ಸು ಹತ್ತಿದರು.